ಮೂಳೆಗೇ ಜೋಡಿಸುವ ಕೃತಕ ಕಾಲು: ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಏನೇನು ಎದುರಾಗುತ್ತದೆ, ಯಾರು ಜೊತೆಗಿರುತ್ತಾರೆ?

ಪ್ರಶ್ನೆ ಕೇಳಿದವರು: ಸೀಮೆಸುಣ್ಣ

ನಮಸ್ಕಾರ. ನನಗೆ 43 ವರ್ಷ. ಆರು ವರ್ಷಗಳ ಹಿಂದೆ ರಸ್ತೆ ಅಪಘಾತದಲ್ಲಿ ಬಲಗಾಲನ್ನು ಮೊಣಕಾಲಿನ ಮೇಲಕ್ಕೆ ತೆಗೆದರು. ನಾನು ಗಣಿತದ ಶಿಕ್ಷಕಿ. ದಿನಕ್ಕೆ ಐದು ತಾಸು ನಿಂತೇ ಪಾಠ ಮಾಡಬೇಕು. ಎರಡನೆಯ ತಾಸು ಮುಗಿಯುವಷ್ಟರಲ್ಲಿ ಸಾಕೆಟ್ಟಿನ (ಉಳಿದ ತೊಡೆಯನ್ನು ತೂರಿಸುವ, ಕೃತಕ ಕಾಲಿನ ಮೇಲಿನ ಬಟ್ಟಲು) ಅಂಚು ತೊಡೆಸಂದಿಯನ್ನು ಉಜ್ಜಿ ಉಜ್ಜಿ ಚರ್ಮ ಕಿತ್ತಿರುತ್ತದೆ. ಒಳಗೆ ತೊಡೆಗೆ ಹಾಕುವ ಮೆತ್ತನೆಯ ಚೀಲ, ಲೈನರ್, ಬೆವರಿಗೆ ಜಾರುತ್ತದೆ. ಇಷ್ಟರಲ್ಲಿ ನಾಲ್ಕು ಸಾಕೆಟ್ ಬದಲಾಯಿಸಿದ್ದಾಯಿತು. ಗಾಯವಾದ ವಾರ ಕಾಲು ಕಳಚಿಟ್ಟು ಎರಡು ಊರುಗೋಲಿನಲ್ಲಿ ತರಗತಿಗೆ ಹೋಗುತ್ತೇನೆ. ಆಗ ಬೋರ್ಡಿನ ಮೇಲೆ ಬರೆಯಲು ಕೈಯೇ ಉಳಿಯುವುದಿಲ್ಲ.

ಮೂರು ತಿಂಗಳ ನಂತರ ನನಗೆ ಆಸಿಯೋಇಂಟಿಗ್ರೇಷನ್ ಶಸ್ತ್ರಚಿಕಿತ್ಸೆ ಎಂದು ನಿಗದಿಯಾಗಿದೆ. ತೊಡೆಮೂಳೆಯೊಳಗೆ ಟೈಟಾನಿಯಂ ಇಂಪ್ಲಾಂಟ್ ಕೂರಿಸಿ, ಅದರ ಒಂದು ತುದಿಯನ್ನು ಚರ್ಮದಿಂದ ಹೊರಗೆ ತಂದು, ಕೃತಕ ಕಾಲನ್ನು ನೇರವಾಗಿ ಅದಕ್ಕೇ ಸಿಕ್ಕಿಸುವುದು. ಸಾಕೆಟ್ಟೇ ಬೇಡ. ಎರಡು ಹಂತದಲ್ಲಿ ಮಾಡುತ್ತಾರಂತೆ.

ನಡೆಯುವ ವಿಡಿಯೋಗಳನ್ನು ಎಲ್ಲರೂ ತೋರಿಸುತ್ತಾರೆ. ಆ ರಂಧ್ರದ ಬಗ್ಗೆ ಮಾತ್ರ ಯಾರೂ ಬಿಡಿಸಿ ಹೇಳುತ್ತಿಲ್ಲ. ಅದು ಮಾಯುವುದೇ ಇಲ್ಲವಲ್ಲ! ಹುಡುಕಿ ಓದಿದಾಗ ಸ್ವೀಡನ್ನಿನ ಒಂದು ಅಧ್ಯಯನ ಕಣ್ಣಿಗೆ ಬಿತ್ತು. ತೊಡೆಗೆ ಇಂಪ್ಲಾಂಟ್ ಹಾಕಿಸಿಕೊಂಡ 96 ಜನರಲ್ಲಿ 16 ಮಂದಿಗೆ ಮೂಳೆಯ ಸೋಂಕು ಬಂದಿತ್ತು, ಹತ್ತು ವರ್ಷಗಳ ಲೆಕ್ಕದಲ್ಲಿ ಆ ಅಪಾಯ ಶೇ 20 ಎಂದಿದೆ. ಲೆಕ್ಕ ಹೇಳಿಕೊಡುವವಳಿಗೆ ಐದರಲ್ಲಿ ಒಂದು ಎಂದರೇನು ಎಂದು ಗೊತ್ತು. ಅಂದಿನಿಂದ ನಿದ್ದೆ ಸರಿಯಾಗಿ ಬಂದಿಲ್ಲ.

ಈಗಾಗಲೇ ಮಾಡಿಸಿಕೊಂಡವರು, ಅವರ ಮನೆಯವರು, ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ದಯವಿಟ್ಟು ಮುಚ್ಚುಮರೆಯಿಲ್ಲದೆ ಬರೆಯಿರಿ. ಆದ ಮೇಲೆ ದಿನನಿತ್ಯ ಏನಿರುತ್ತದೆ? ಕೆಟ್ಟರೆ ಏನಾಗುತ್ತದೆ? ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ವೈದ್ಯರನ್ನು ಏನೇನು ಕೇಳಬೇಕು?

ಉತ್ತರ: ಲೇತ್ ಕೆಲಸಗಾರ

ಮೇಡಂ, ಬಲ ತೊಡೆಗೆ ಇಂಪ್ಲಾಂಟ್ ಹಾಕಿಸಿಕೊಂಡು ನನಗೆ ನಾಲ್ಕು ವರ್ಷ ಎಂಟು ತಿಂಗಳಾಯಿತು. ಲೇತ್ ಮುಂದೆ ನಿಂತು ದುಡಿಯುವವನು, ನೀವು ಹೇಳಿದ ತೊಡೆಸಂದಿಯ ಉರಿ ನನಗೆ ಚೆನ್ನಾಗಿ ನೆನಪಿದೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬಿಡುವಿದ್ದಾಗ ಓದಿ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದೂ ನಿಜ. ಬೆಳಿಗ್ಗೆ ಎದ್ದು ಕಾಲು ಸಿಕ್ಕಿಸಿಕೊಳ್ಳಲು ನನಗೆ ಅರ್ಧ ನಿಮಿಷ ಸಾಕು. ಜೇಬಿನಲ್ಲೊಂದು ಅಲೆನ್ ಕೀ ಇರುತ್ತದೆ, ಬಿಗಿ ಮಾಡಿ ಎದ್ದು ನಿಲ್ಲುತ್ತೇನೆ. ಕುರ್ಚಿಯಲ್ಲಿ ಕೂತರೆ ತೊಡೆಯ ಕೆಳಗೆ ಒತ್ತುವ ಪ್ಲಾಸ್ಟಿಕ್ ಇಲ್ಲ. ಇನ್ನೊಂದು ಸಂಗತಿಯನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಕಾಲ ಕೆಳಗಿರುವುದು ಜಲ್ಲಿಯೋ ನುಣ್ಣನೆಯ ನೆಲವೋ ಎಂಬುದು ನೋಡದೆಯೇ ತಿಳಿಯುತ್ತದೆ. ಕಂಪನ ಲೋಹದ ಮೂಲಕ ಮೂಳೆಗೆ ಹತ್ತಿ ಬರುತ್ತದೆ. ಮೊದಲ ಸಲ ಅದು ಅರಿವಿಗೆ ಬಂದಾಗ ಹಿಂದಕ್ಕೆ ಹೋಗಿ ಅದೇ ನಾಲ್ಕು ಹೆಜ್ಜೆಗಳನ್ನು ಮತ್ತೆ ಇಟ್ಟು ನೋಡಿದೆ.

ಇನ್ನು ರಂಧ್ರ. ಟೈಟಾನಿಯಂ ಮೂಳೆಗೆ ಅಂಟಿಕೊಳ್ಳುತ್ತದೆ. 1950ರ ದಶಕದಲ್ಲಿ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಮೂಳೆಯಲ್ಲಿ ಕಂಡುಕೊಂಡದ್ದು ಇದನ್ನೇ. ಒಳಗಿಟ್ಟ ಟೈಟಾನಿಯಂ ಸಲಕರಣೆಯನ್ನು ಮರಳಿ ತೆಗೆಯಲು ಹೋದರೆ ಅದು ಬರಲಿಲ್ಲ. 1965ರಲ್ಲಿ ಅದು ಹಲ್ಲಿನ ಇಂಪ್ಲಾಂಟ್ ಆಯಿತು, 1990ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ತೊಡೆಮೂಳೆಗೆ ಬಂತು. ಆದರೆ ಮೂಳೆ ಅಂಟಿಕೊಂಡಂತೆ ಚರ್ಮ ಲೋಹಕ್ಕೆ ಅಂಟಿಕೊಳ್ಳುವುದಿಲ್ಲ. ಎಲ್ಲ ತಾಪತ್ರಯದ ಬೇರು ಅಲ್ಲಿದೆ. ಲೋಹದ ಸುತ್ತ ಕೂದಲೆಳೆಯಷ್ಟು ಸಂದು ಸದಾ ತೆರೆದೇ ಇರುತ್ತದೆ, ಅಲ್ಲಿಂದ ತಿಳಿಯಾದ ದ್ರವ ಜಿನುಗುತ್ತಲೇ ಇರುತ್ತದೆ. ನಾನು ದಿನಕ್ಕೆ ಎರಡು ಸಲ ಸೋಪು ನೀರಿನಲ್ಲಿ ತೊಳೆಯುತ್ತೇನೆ. ಸುತ್ತಲೂ ಕಟ್ಟಿದ ಹಳದಿ ಹಕ್ಕಳೆಯನ್ನು ಒದ್ದೆ ಗಾಜ್ ಬಟ್ಟೆಯಿಂದ ಮೆತ್ತಗೆ ಬಿಡಿಸುತ್ತೇನೆ, ಉಗುರು ಹಾಕುವುದಿಲ್ಲ. ಒಣಗಿಸಿ, ಸೀಳಿದ ಗಾಜ್ ತುಂಡೊಂದನ್ನು ಲೋಹದ ಸುತ್ತ ಸುತ್ತುತ್ತೇನೆ. ಏಳೆಂಟು ನಿಮಿಷದ ಕೆಲಸ. ಜ್ವರ ಬಂದ ದಿನವೂ, ಮನೆಯಲ್ಲಿ ಸಾವು ಸಂಭವಿಸಿದ ದಿನವೂ ತಪ್ಪಿಸಿಲ್ಲ. ಬದುಕಿರುವವರೆಗೆ ಇದು ಮಾಡಬೇಕಾದ ಕೆಲಸ ಎಂದು ಒಪ್ಪಿಕೊಂಡ ಮೇಲೆಯೇ ಸಹಿ ಹಾಕಿ.

ಮೇಲ್ಮೈ ಸೋಂಕು ನನಗೆ ಮೂರು ಸಲ ಬಂದಿದೆ. ಸುತ್ತ ಕೆಂಪೇರಿ, ಬಿಸಿಯಾಗಿ, ದ್ರವ ಮಂದವಾಗಿ ವಾಸನೆ ಬರುತ್ತದೆ. ಮೂರೂ ಸಲ ಮಾತ್ರೆಯಲ್ಲೇ ವಾಸಿಯಾಯಿತು. ಒಮ್ಮೆ ರಂಧ್ರದ ಅಂಚಿನಲ್ಲಿ ಕೆಂಪು ಹಸಿ ಮಾಂಸ ಬೆಳೆದು, ಮುಟ್ಟಿದರೆ ರಕ್ತ ಬರುತ್ತಿತ್ತು. ಸೋಂಕೆಂದು ಎದೆ ಒಡೆದುಕೊಂಡೆ, ಅಲ್ಲವಂತೆ. ಔಷಧ ಹಚ್ಚಿ ಸುಟ್ಟರು, ಎರಡು ವಾರದಲ್ಲಿ ಕುಗ್ಗಿತು.

ಎರಡನೆಯ ವರ್ಷ ಒದ್ದೆ ನೆಲದಲ್ಲಿ ಜಾರಿ ಬಿದ್ದೆ. ಕಾಲು ತಿರುಚಿತು, ಹೊರಗಿನ ಲೋಹದ ತುಂಡು ಬಾಗಿತು. ಯಂತ್ರಕ್ಕೆ ಅತಿಯಾದ ಹೊರೆ ಬಿದ್ದರೆ ಗೇರ್ ಹಲ್ಲು ಮುರಿಯದಿರಲೆಂದು ಒಂದು ಮೆತ್ತನೆಯ ಪಿನ್ ಹಾಕಿರುತ್ತೇವೆ, ಮೊದಲು ಅದೇ ತುಂಡಾಗುತ್ತದೆ. ಇಲ್ಲೂ ಅದೇ ತತ್ವ. ಹೊರಗಿನ ಭಾಗ ಬಾಗಲಿ, ಬೇಕಾದರೆ ಮುರಿಯಲಿ, ಮೂಳೆಯೊಳಗಿನದು ಉಳಿಯಲಿ ಎಂದು. ಕಾಲು ಸಿಕ್ಕಿಸುವ ಜೋಡಣೆಯಲ್ಲೂ ಅತಿ ತಿರುಚಿದರೆ ತಾನೇ ಬಿಟ್ಟುಕೊಳ್ಳುವ ವ್ಯವಸ್ಥೆ ಇರುವ ಮಾದರಿಗಳಿವೆ. ನಿಮ್ಮದರಲ್ಲಿ ಅದಿದೆಯೇ ಎಂದು ಕೇಳಿ. ಬೀಳುವಿಕೆಯನ್ನು ಹಗುರವಾಗಿ ಎಣಿಸಬೇಡಿ, ಇಂಪ್ಲಾಂಟಿನ ಸುತ್ತ ಮೂಳೆಯೇ ಮುರಿದವರೂ ಇದ್ದಾರೆ. ಓಡುವುದು, ಜಿಗಿಯುವುದು ನನಗೆ ನಿಷಿದ್ಧ.

ನಿಮಗೆ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ ಬೇರೆಯೇ ಇದೆ. ಲೋಹ ಬಾಗಿದ ಆ ರಾತ್ರಿ ನಾನು ಹೋದದ್ದು ಹತ್ತಿರದ ತುರ್ತು ವಿಭಾಗಕ್ಕೆ. ಅಲ್ಲಿದ್ದ ಯುವ ವೈದ್ಯರು ಇಂತಹದ್ದನ್ನು ಕಂಡವರೇ ಅಲ್ಲ. ಪ್ಯಾಂಟ್ ಸರಿಸಿ ನೋಡಿದವರು ಒಂದು ಹೆಜ್ಜೆ ಹಿಂದೆ ಸರಿದರು. “ಇದು ತೆರೆದ ಗಾಯ, ಲೋಹ ಹೊರಗೆ ಬಂದಿದೆ, ಇವತ್ತೇ ತೆಗೆಯಬೇಕು” ಎಂದರು. ಅವರದು ತಪ್ಪೆನ್ನಲಾರೆ, ಅವರು ಕಲಿತ ವಿದ್ಯೆಯ ಪ್ರಕಾರ ಅದು ಸರಿಯೇ. ಆದರೆ ನಾನು ಸ್ಟ್ರೆಚರ್ ಮೇಲೆ ಮಲಗಿ ಅದು ಹಾಗಲ್ಲ ಎಂದು ವಾದಿಸಬೇಕಾಯಿತು. ಶಸ್ತ್ರಚಿಕಿತ್ಸೆ ಮಾಡಿದ ಕಡೆ ಕೊಟ್ಟ ಫೋನ್ ನಂಬರು ಮಾರನೆಯ ದಿನ ಬೆಳಿಗ್ಗೆ ಹತ್ತರವರೆಗೆ ಯಾರೂ ಎತ್ತಲಿಲ್ಲ.

ಆದ್ದರಿಂದ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಎತ್ತುವ ವ್ಯಕ್ತಿ ಯಾರು ಎಂಬುದನ್ನು ಮೊದಲು ಕೇಳಿ. ಇದು ಯಾವ ಇಂಪ್ಲಾಂಟ್, ಯಾವ ಅಳತೆ, ಯಾವಾಗ ಹಾಕಿದ್ದು, ಏನು ಮಾಡಬಾರದು ಎಂದು ಬರೆದು ಮೊಹರು ಹಾಕಿದ ಒಂದು ಪುಟದ ಪತ್ರ ಪಡೆಯಿರಿ. ನನ್ನದು ಪ್ಲಾಸ್ಟಿಕ್ ಹೊದಿಕೆಯಲ್ಲಿ ಅಲೆನ್ ಕೀ ಜೊತೆಗೇ ಇರುತ್ತದೆ. ಬಾಗಿದ ಭಾಗ, ಸ್ಕ್ರೂ ಬದಲಾಯಿಸಲು ಎಷ್ಟು ದಿನ ಕಾಯಬೇಕು, ಆ ಖರ್ಚು ಯಾರದು ಎಂಬುದೂ ಲಿಖಿತವಾಗಿರಲಿ. ನಾನು 19 ದಿನ ಊರುಗೋಲಿನಲ್ಲಿ ಕಾದೆ.

ಉತ್ತರ: ವಾರ್ಡ್ ಸಿಸ್ಟರ್

ಮೂಳೆ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ನರ್ಸ್ ಆಗಿದ್ದೇನೆ. ಅಂಕಿಯ ವಿಷಯಕ್ಕೆ ಮಾತ್ರ ಬರೆಯುತ್ತೇನೆ, ಏಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ.

ನೀವು ಓದಿದ ಅಧ್ಯಯನದಲ್ಲೇ ಇನ್ನೊಂದು ಅಂಕಿ ಇದೆ. ಮೂಳೆ ಸೋಂಕಿನಿಂದಾಗಿ ಹತ್ತು ವರ್ಷಗಳಲ್ಲಿ ಇಂಪ್ಲಾಂಟ್ ತೆಗೆಯಬೇಕಾಗುವ ಅಪಾಯ ಶೇ 9. ಅಂದರೆ ಸೋಂಕು ಬಂದವರೆಲ್ಲ ಇಂಪ್ಲಾಂಟ್ ಕಳೆದುಕೊಳ್ಳಲಿಲ್ಲ. ಇದು ಸಣ್ಣ ಅಪಾಯ ಎನ್ನುತ್ತಿಲ್ಲ. ಅಲ್ಲಿಯ ರೋಗಿಗಳು 1990ರಿಂದ 2010ರವರೆಗಿನವರು, ಆರಂಭದ ವರ್ಷಗಳಲ್ಲಿ ಮಾಡಿಸಿಕೊಂಡವರೂ ಅದರಲ್ಲಿದ್ದಾರೆ. ನಂತರ ಪ್ರಕಟವಾದ, 51 ಜನರನ್ನು ಐದು ವರ್ಷ ಹಿಂಬಾಲಿಸಿದ ಇನ್ನೊಂದು ಸ್ವೀಡಿಷ್ ಅಧ್ಯಯನದಲ್ಲಿ ಶೇ 92ರಷ್ಟು ಇಂಪ್ಲಾಂಟ್‌ಗಳು ಉಳಿದಿದ್ದವು. ಅದೇ ಅಧ್ಯಯನದಲ್ಲಿ 34 ಜನರಿಗೆ ಒಟ್ಟು 70 ಸಲ ಮೇಲ್ಮೈ ಸೋಂಕು, 11 ಜನರಿಗೆ 14 ಸಲ ಆಳದ ಸೋಂಕು, 15 ಜನರಿಗೆ ಲೋಹದ ಭಾಗಗಳ ತೊಂದರೆ ಆಗಿತ್ತು. ಎರಡೂ ಕಡೆಯ ಅಂಕಿ ಒಟ್ಟಿಗೆ ನೋಡಿ. ಇಂಪ್ಲಾಂಟ್ ಉಳಿಯುತ್ತದೆ, ಆದರೆ ಆಸ್ಪತ್ರೆಯ ಓಡಾಟವೂ ಉಳಿಯುತ್ತದೆ.

ಮೇಲ್ಮೈಯದೋ ಆಳದ್ದೋ ಎಂದು ಮನೆಯಲ್ಲಿ ಅಂದಾಜಿಸಲು ನಾನು ರೋಗಿಗಳಿಗೆ ಹೇಳುವುದು: ಚರ್ಮ ಉರಿದರೆ ಬೆಳಿಗ್ಗೆ ಫೋನ್ ಮಾಡಿ. ಭಾರ ಹಾಕಿದಾಗ ಮೂಳೆಯೊಳಗಿಂದ ನೋವು ಎದ್ದರೆ, ಜ್ವರ ನಡುಕ ಬಂದರೆ, ಕಾಲು ಕಳಚಿಟ್ಟು ಅಂದೇ ಬನ್ನಿ. ನಿನ್ನೆಯವರೆಗೆ ನಡೆಯುತ್ತಿದ್ದವರಿಗೆ ಇವತ್ತು ಭಾರ ಹಾಕಲಾಗುತ್ತಿಲ್ಲ ಎಂದರೆ ಇಂಪ್ಲಾಂಟ್ ಸಡಿಲವಾಗಿರಬಹುದು, ಹಳೆಯ ಎಕ್ಸ್-ರೇ ಪಕ್ಕಕ್ಕಿಟ್ಟು ನೋಡದೆ ತಿಳಿಯುವುದಿಲ್ಲ. ಹಾಗಾಗಿ ಮೊದಲ ದಿನದಿಂದ ಎಲ್ಲ ಎಕ್ಸ್-ರೇ ಪ್ರತಿಗಳನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ.

ಮನೆಯಲ್ಲಿ ಉಳಿದಿರುವ ಆಂಟಿಬಯೋಟಿಕ್ ಮಾತ್ರೆಯನ್ನು ನೀವಾಗಿಯೇ ನುಂಗಬೇಡಿ. ಸಾಧ್ಯವಾದಷ್ಟೂ ಮೊದಲು ದ್ರವದ ಮಾದರಿ ತೆಗೆದು ಪರೀಕ್ಷೆಗೆ ಕಳಿಸಬೇಕು, ಆಮೇಲೆ ಔಷಧ. ಅರ್ಧಂಬರ್ಧ ಮಾತ್ರೆ ತಿಂದು ಬಂದವರಲ್ಲಿ ಯಾವ ಕ್ರಿಮಿ ಎಂದು ಕಂಡುಹಿಡಿಯುವುದೇ ಕಷ್ಟವಾಗಿದ್ದನ್ನು ಕಂಡಿದ್ದೇನೆ. ಧೂಮಪಾನ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಕಾಲಿನ ರಕ್ತನಾಳದ ತೊಂದರೆ ಇದ್ದರೆ ಈಗಲೇ ಹೇಳಿ. ಅಂಥವರಿಗೆ ಬಹಳ ಕಡೆ ಈ ಶಸ್ತ್ರಚಿಕಿತ್ಸೆಯನ್ನೇ ಮಾಡುವುದಿಲ್ಲ.

ಉತ್ತರ: ಹಿತ್ತಲ ಗಿಡ

ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಮ್ಮ ಯಜಮಾನರ ಇಂಪ್ಲಾಂಟ್ ಮೂರನೆಯ ವರ್ಷ ತೆಗೆದರು. ಶೇ 9 ಎಂದು ಸಿಸ್ಟರ್ ಬರೆದಿದ್ದಾರಲ್ಲ, ಆ ಒಂಬತ್ತರೊಳಗಿನವರು ನಾವು.

ಮೊದಲು ಎರಡು ವರ್ಷ ಬಹಳ ಚೆನ್ನಾಗಿತ್ತು. ಅವರು ಮಗಳ ಕೈ ಹಿಡಿದು ನಡೆದದ್ದನ್ನು ನೋಡಿದ್ದೇನೆ. ಆಮೇಲೆ ಮೇಲ್ಮೈ ಸೋಂಕು ಬರುವುದು, ಹೋಗುವುದು ನಡೆಯಿತು. ನಾಲ್ಕನೆಯ ಸಲವೂ ಅದೇ ಮಾತ್ರೆ ಬರೆದುಕೊಟ್ಟರು. ರಾತ್ರಿ ಮಂಚದ ಅಂಚಿನಲ್ಲಿ ಕೂತು ತೊಡೆ ಹಿಡಿದುಕೊಳ್ಳುತ್ತಿದ್ದರು, ನನಗೆ ಹೇಳುತ್ತಿರಲಿಲ್ಲ. ಹೇಳಿದರೆ ತೆಗೆದುಬಿಡುತ್ತಾರೆ ಎಂಬ ಭಯ. ಕೊನೆಗೆ ಮೂಳೆಯೊಳಗೆ ಕೀವು. ಇಂಪ್ಲಾಂಟ್ ತೆಗೆದು, ಮೂಳೆಯ ಒಳಗನ್ನು ಶುದ್ಧ ಮಾಡಿ, ವಾರಗಟ್ಟಲೆ ರಕ್ತನಾಳದ ಮೂಲಕ ಔಷಧ ಕೊಟ್ಟರು. ಐದು ತಿಂಗಳ ಮೇಲೆ ಮತ್ತೆ ಸಾಕೆಟ್ ಹಾಕಿಕೊಂಡರು. ಈಗ ನಡೆಯುತ್ತಾರೆ, ಕೆಲಸಕ್ಕೂ ಹೋಗುತ್ತಾರೆ.

ನನಗೆ ಇಂದಿಗೂ ನೋಯುವುದು ತೆಗೆದದ್ದಕ್ಕಲ್ಲ. ಚೆನ್ನಾಗಿದ್ದ ಎರಡು ವರ್ಷ ಅವರನ್ನು ಹೊಸ ರೋಗಿಗಳ ಮುಂದೆ ನಡೆಸಿ ತೋರಿಸುತ್ತಿದ್ದರು. ತೆಗೆದ ಮೇಲೆ ಒಂದು ಫೋನೂ ಬರಲಿಲ್ಲ. ಅವರು ತಾನೇ ಏನೋ ತಪ್ಪು ಮಾಡಿದೆ, ಸರಿಯಾಗಿ ತೊಳೆಯಲಿಲ್ಲ ಎಂದು ಕೊರಗಿದರು. ತೊಳೆಯುತ್ತಿದ್ದವಳು ನಾನು! ಹಾಗಾದರೆ ತಪ್ಪು ನನ್ನದೇ ಎಂದು ನಾನು ಒಳಗೊಳಗೇ ಅತ್ತೆ. ಮೂರು ವರ್ಷದಲ್ಲಿ ಒಬ್ಬರೂ ನನ್ನನ್ನು, ಅಮ್ಮಾ ನೀವು ಹೇಗಿದ್ದೀರಿ, ನಿದ್ದೆ ಮಾಡುತ್ತೀರಾ ಎಂದು ಕೇಳಲಿಲ್ಲ.

ಮೇಡಂ, ಸಹಿ ಹಾಕುವ ಮೊದಲು ಚೆನ್ನಾಗಿ ನಡೆಯುವವರ ಜೊತೆ ಮಾತನಾಡಿಸುತ್ತಾರೆ. ತೆಗೆಸಿಕೊಂಡವರೊಬ್ಬರ ಜೊತೆಯೂ ಮಾತನಾಡಿಸಿ ಎಂದು ಕೇಳಿ. ತೆಗೆಯಬೇಕಾಗಿ ಬಂದರೆ ಮತ್ತೆ ಸಾಕೆಟ್ಟಿಗೆ ಮರಳುವವರೆಗೆ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. ನಿಮಗೆ ಡ್ರೆಸ್ಸಿಂಗ್ ಮಾಡುವವರು ಮನೆಯಲ್ಲಿ ಯಾರು? ಅವರನ್ನೂ ಆ ಮಾತುಕತೆಗೆ ಕರೆದುಕೊಂಡು ಹೋಗಿ, ಹೊರಗೆ ಬೆಂಚಿನ ಮೇಲೆ ಕೂರಿಸಬೇಡಿ.

ಉತ್ತರ: ಲೇತ್ ಕೆಲಸಗಾರ

ಅಕ್ಕ, ನೀವು ಬರೆದದ್ದು ಒಳ್ಳೆಯದಾಯಿತು. ಎಚ್ಚರಿಕೆಯಿಂದ ತೊಳೆಯುವವರಿಗೂ ಸೋಂಕು ಬರುತ್ತದೆ. ಸಂದು ತೆರೆದಿರುವಾಗ ಕೈಯ ತಪ್ಪೇ ಬೇಕಿಲ್ಲ. ಯಜಮಾನರಿಗೂ ಇದನ್ನು ಓದಿ ಹೇಳಿ.

ನೀವು ಹೇಳಿದ ಆ ಭಯ ನನಗೂ ಇದೆ. ಮೂರನೆಯ ಸೋಂಕಿನಲ್ಲಿ ನಾಲ್ಕು ದಿನ ಮುಚ್ಚಿಟ್ಟಿದ್ದೆ. ಈಗ ಪ್ರತಿ ಭಾನುವಾರ ಅದೇ ಕಿಟಕಿಯ ಪಕ್ಕ, ಅದೇ ಬೆಳಕಿನಲ್ಲಿ ರಂಧ್ರದ ಫೋಟೋ ತೆಗೆದು ನಮ್ಮ ಫಿಸಿಯೋಥೆರಪಿಸ್ಟ್‌ಗೆ ಕಳಿಸುತ್ತೇನೆ. ಚೆನ್ನಾಗಿದ್ದರೂ ಕಳಿಸುತ್ತೇನೆ. ಆಗ ಮುಚ್ಚಿಡುವ ಪ್ರಶ್ನೆ ಬರುವುದಿಲ್ಲ, ಕಳೆದ ವಾರಕ್ಕಿಂತ ಕೆಂಪಾಗಿದೆಯೇ ಎಂಬುದಕ್ಕೆ ನನ್ನ ಕಣ್ಣನ್ನೇ ನಂಬಬೇಕಾಗಿಲ್ಲ.

ಶಿಕ್ಷಕಿಯವರಿಗೆ ಒಂದು ಮಾತು ಬಿಟ್ಟುಹೋಗಿತ್ತು. ಎರಡನೆಯ ಶಸ್ತ್ರಚಿಕಿತ್ಸೆ ಆದ ಕೂಡಲೇ ನಡೆಸುವುದಿಲ್ಲ. ನನಗೆ ಮೊದಲು ಒಂದು ಗಿಡ್ಡ ತರಬೇತಿ ಕಾಲು ಕೊಟ್ಟರು. ಸ್ಟೂಲಿನ ಮೇಲೆ ತೂಕದ ಯಂತ್ರ ಇಟ್ಟು, ಅದರ ಮೇಲೆ ಆ ಗಿಡ್ಡ ಕಾಲನ್ನು ಊರಿ, ಮುಳ್ಳು 20 ಕಿಲೋ ತೋರಿಸುವವರೆಗೆ ಮಾತ್ರ ಭಾರ ಹಾಕಬೇಕು. ದಿನಕ್ಕೆ ಎರಡು ಸಲ. ಮುಂದಿನ ವಾರ 30. ಅದರ ಮುಂದಿನ ವಾರ 40. ನೋವು ಏರಿದರೆ ಮತ್ತೆ ಹಿಂದಕ್ಕೆ. ಬಳಕೆಯಿಲ್ಲದೆ ಸೊರಗಿದ ಮೂಳೆ ಹಾಗೆ ನಿಧಾನವಾಗಿ ಗಟ್ಟಿಯಾಗಬೇಕು. ಆ ಮುಳ್ಳನ್ನು ನೋಡುತ್ತಾ ಕೂತ ವಾರಗಳೇ ನನಗೆ ಅತಿ ಕಷ್ಟದವು, ಏಕೆಂದರೆ ಎದ್ದು ನಡೆಯುವ ಆಸೆ ಮೈತುಂಬ ಇರುತ್ತದೆ. 50ರಲ್ಲಿ ನೋವು ಬಂದು 30ಕ್ಕೆ ಇಳಿಸಿದ ದಿನ ತೂಕದ ಯಂತ್ರವನ್ನು ಗೋಡೆಗೆ ಎಸೆಯಬೇಕೆನಿಸಿತ್ತು. ಫಿಸಿಯೋ ಮೇಡಂ ಆ ದಿನ ವ್ಯಾಯಾಮ ಮಾಡಿಸದೆ ಪಕ್ಕದಲ್ಲಿ ಕೂತು ಅರ್ಧ ತಾಸು ಮಾತನಾಡಿದರು. ಬೇರೆ ವಿಧಾನಗಳಲ್ಲಿ, ಮೂಳೆಯೊಳಗೆ ಬಿಗಿಯಾಗಿ ಒತ್ತಿ ಒಂದೇ ಹಂತದಲ್ಲಿ ಕೂರಿಸುವ (ಪ್ರೆಸ್-ಫಿಟ್) ಇಂಪ್ಲಾಂಟ್‌ಗಳಲ್ಲಿ, ಇದಕ್ಕಿಂತ ಬೇಗ ನಡೆಸುತ್ತಾರೆ. ಪಕ್ಕದವರ ವೇಗಕ್ಕೆ ನಿಮ್ಮದನ್ನು ಹೋಲಿಸಬೇಡಿ.

ಎರಡು ಹಂತದ ನಡುವಿನ ತಿಂಗಳುಗಳಲ್ಲಿ ಸಾಕೆಟ್ ಹಾಕಬಹುದೇ, ಎಷ್ಟು ಕಾಲ ಹಾಕಬಾರದು ಎಂದು ಕೇಳಿ ರಜೆಯನ್ನು ಅದಕ್ಕೆ ಸರಿಯಾಗಿ ಹೊಂದಿಸಿಕೊಳ್ಳಿ. ಮತ್ತೆ, ಇಲ್ಲದ ಪಾದದಲ್ಲಿ ನೋವು ಬರುತ್ತದಲ್ಲ, ಇದರಿಂದ ಅದು ಹೋಗಿಬಿಡುತ್ತದೆ ಎಂದು ನಂಬಿಕೊಂಡು ಹೋಗಬೇಡಿ. ನನ್ನದು ಕಡಿಮೆಯಾಗಿದೆ, ಹೋಗಿಲ್ಲ.

ಸೀಮೆಸುಣ್ಣ

ಎಲ್ಲರಿಗೂ ಕೈಮುಗಿಯುತ್ತೇನೆ. ನಿಮ್ಮ ಉತ್ತರಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡು ನಿನ್ನೆ ವೈದ್ಯರ ಬಳಿ ಹೋಗಿದ್ದೆ. ಅಮ್ಮನನ್ನೂ ಕರೆದುಕೊಂಡು ಹೋದೆ, ಡ್ರೆಸ್ಸಿಂಗ್ ಕಲಿಯುವವರು ಅವರೇ. ಸಿಸ್ಟರ್, ಸಕ್ಕರೆ ಕಾಯಿಲೆ ಇಲ್ಲ, ಧೂಮಪಾನವಿಲ್ಲ, ರಕ್ತನಾಳದ ಪರೀಕ್ಷೆ ಮುಂದಿನ ವಾರ.

ರಾತ್ರಿಯ ಫೋನ್ ಯಾರು ಎತ್ತುತ್ತಾರೆ ಎಂದು ಕೇಳಿದಾಗ ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಈಗಿರುವ ನಂಬರು ಹಗಲಿನದು ಮಾತ್ರ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಕರ್ತವ್ಯದಲ್ಲಿರುವ ಮೂಳೆ ವೈದ್ಯರಿಗೆ ತಲುಪುವ ನಂಬರನ್ನು ಆ ಪತ್ರದಲ್ಲೇ ಬರೆಯಿಸಿ ಕೊಡುತ್ತೇವೆ ಎಂದಿದ್ದಾರೆ. ಅದು ಕೈಗೆ ಬರುವವರೆಗೆ ಸಹಿ ಹಾಕುವುದಿಲ್ಲ ಎಂದೆ. ಅವರಿಗೆ ಬೇಸರವಾಗಲಿಲ್ಲ. ಇಂಪ್ಲಾಂಟ್ ತೆಗೆಸಿಕೊಂಡ ಒಬ್ಬರನ್ನು ಒಪ್ಪಿಸಿ ಮಾತನಾಡಿಸುವುದಾಗಿಯೂ ಹೇಳಿದ್ದಾರೆ. ದಿನವನ್ನು ಒಂದು ತಿಂಗಳು ಮುಂದಕ್ಕೆ ಹಾಕಿದ್ದೇವೆ, ಬೇಸಿಗೆ ರಜೆಗೆ ಸರಿಯಾಗಿ ಹೊಂದುತ್ತದೆ.

ಹಿತ್ತಲ ಗಿಡ ಅಕ್ಕ, ನಿಮ್ಮ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ, “ಅವರಿಗೆ ಈಗ ನಿದ್ದೆ ಬರುತ್ತದೆಯೇ ಕೇಳು” ಎಂದರು.

ಲೇತ್ ಅಣ್ಣ, ಒಂದು ಸಣ್ಣ ಪ್ರಶ್ನೆ ಉಳಿದಿದೆ, ವೈದ್ಯರನ್ನು ಕೇಳಲು ಸಂಕೋಚವಾಯಿತು. ರಾತ್ರಿ ಮಲಗುವಾಗ ಆ ಲೋಹದ ತುದಿಯನ್ನು ಏನು ಮಾಡುತ್ತೀರಿ?

ಉತ್ತರ: ಲೇತ್ ಕೆಲಸಗಾರ

ಕಾಲು ಕಳಚಿ, ತುದಿಗೆ ಅದರದೇ ರಬ್ಬರ್ ಟೊಪ್ಪಿಗೆ ಹಾಕುತ್ತೇನೆ. ಮೊದಲ ತಿಂಗಳು ಟೊಪ್ಪಿಗೆ ಇಲ್ಲದೆ ಮಲಗಿ ಎಡ ಮೊಣಕಾಲಿನ ಒಳಭಾಗವನ್ನೆಲ್ಲ ಗೀರಿಕೊಂಡಿದ್ದೆ, ಹೊದಿಕೆಯ ದಾರ ಸಿಕ್ಕಿ ಎಳೆದು ಒಮ್ಮೆ ರಕ್ತವೂ ಬಂತು. ಟೊಪ್ಪಿಗೆಯ ಮೇಲೆ ಹಳೆಯ ಹತ್ತಿಯ ಕಾಲುಚೀಲ, ಎರಡು ತೊಡೆಗಳ ನಡುವೆ ಒಂದು ಚಿಕ್ಕ ದಿಂಬು. ಬಲಕ್ಕೂ ಹೊರಳುತ್ತೇನೆ, ಎಡಕ್ಕೂ ಹೊರಳುತ್ತೇನೆ. ಟೊಪ್ಪಿಗೆಯನ್ನು ದಿನವೂ ತೊಳೆದು ಒಣಗಿಸಿ, ಎರಡು ಇಟ್ಟುಕೊಳ್ಳಿ.

ಉತ್ತರ: ಹಿತ್ತಲ ಗಿಡ

ಈಗ ಬರುತ್ತದೆ ಎಂದು ಅಮ್ಮನಿಗೆ ಹೇಳಿ. ಡ್ರೆಸ್ಸಿಂಗ್ ಕಲಿಯುವಾಗ ಅವರಿಗೆ ಏನಾದರೂ ಅನುಮಾನ ಬಂದರೆ ನನ್ನನ್ನು ಕೇಳಲಿ, ಸಂಜೆ ಏಳರ ಮೇಲೆ ನಾನು ಇಲ್ಲಿ ನೋಡುತ್ತಿರುತ್ತೇನೆ.